ತೆರೆಯದ ಪೆಟ್ಟಿಗೆಯ ರೋಬೋಟ್

ಬೆಳಗಿನಿಂದ ಲೆನ್ಸಕ್ಕನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಭೂತಗನ್ನಡಿಯನ್ನು ಒರೆಸಿದ್ದೇ ಒರೆಸಿದ್ದು. ಚಹಾ ತರಿಸಿ ಆರಲು ಬಿಟ್ಟಳು, ಎದ್ದು ಬಾಗಿಲ ತನಕ ಹೋಗಿ ಬಂದಳು. ಹಳೆಯ ಆಟಿಕೆಗಳನ್ನು ಹರಾಜು ಹಾಕುವ ಆ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಅಸಲಿ ಯಾವುದು, ನಕಲಿ ಯಾವುದು ಎಂದು ಚೀಟಿ ಬರೆಯುವವಳು ಅವಳೇ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು ಆ ಚೀಟಿಗಳಲ್ಲಿ ಒಮ್ಮೆಯೂ ಬಂದಿರಲಿಲ್ಲ. ಇವತ್ತು ಪರೀಕ್ಷೆಗೆ ಬರಲಿದ್ದುದು ಅವಳ ತಮ್ಮನ ರೋಬೋಟ್.

ತಮ್ಮನದು ಅಂದರೆ ಇಬ್ಬರದೂ. ಎದೆಯಲ್ಲಿ ಕೆಂಪು ದೀಪ, ತಲೆಯ ಮೇಲೆ ಆಂಟೆನಾ ಇದ್ದ ಆ ಅಂತರಿಕ್ಷ ಯೋಧನನ್ನು ಅಪ್ಪ ತಂದಾಗ ಅವಳಿಗೆ ಹನ್ನೊಂದು, ಅವನಿಗೆ ಎಂಟು. “ಒಂದು ತಿಂಗಳು ಜಗಳ ಆಡ್ದೆ ಇರಿ, ಆಮೇಲೆ ಇಬ್ರೂ ಸೇರಿ ತೆಗೀರಿ,” ಎಂದು ಅಪ್ಪ ಪೆಟ್ಟಿಗೆಯನ್ನು ಬೀರುವಿನ ಮೇಲಿಟ್ಟರು. ಎಣ್ಣೆ-ಸೀಗೆಕಾಯಿಯಂತಿದ್ದ ಮಕ್ಕಳು! ಒಂದು ವಾರವೂ ದಾಟಲಿಲ್ಲ. ಮತ್ತೆ ಮೊದಲಿನಿಂದ ಎಣಿಕೆ. ಹೀಗೇ ನಡೆಯುತ್ತಿರುವಾಗ ಅಪ್ಪನೇ ಹೋಗಿಬಿಟ್ಟರು. ಆಮೇಲೆ ಪೆಟ್ಟಿಗೆ ತೆರೆಯುವ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಆದರೆ ಅವಳು ಅದನ್ನು ಆಗಲೇ ತೆರೆದಿದ್ದಳು. ಅಪ್ಪ ಇದ್ದಾಗಲೇ, ಒಂದು ಮಧ್ಯಾಹ್ನ, ತಳದ ಅಂಟನ್ನು ಚಾಕುವಿನಿಂದ ಬಿಡಿಸಿ. ಎಡಗೈ ಎತ್ತಲು ಹೋದಳು, ಅದು ಟಕ್ಕೆಂದು ಭುಜದಲ್ಲೇ ಮುರಿಯಿತು. ಮುರಿದ ಕೈಯನ್ನು ಹಾಗೆಯೇ ಭುಜಕ್ಕೆ ಸಿಕ್ಕಿಸಿ, ಶಾಲೆಯ ಗೋಂದು ಬಳಿದು ತಳ ಮುಚ್ಚಿದಳು. ಮೂವತ್ತೈದು ವರ್ಷದಿಂದ ಬಾಯಿಗೆ ಬೀಗ.

ತಮ್ಮ ಬಸ್ ಓಡಿಸುವ ಕೆಲಸ ಮುಗಿಸಿ ಸಮವಸ್ತ್ರದಲ್ಲೇ ಬಂದ. ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡಿದ್ದ.

“ಇಷ್ಟು ವರ್ಷ ಇಟ್ಕೊಂಡು ಈಗ್ಯಾಕೋ ಮಾರ್ತೀಯ?”

“ಮನೇಲಿ ಇಟ್ಕೊಳ್ಳೋಕೆ ಆಗ್ತಿಲ್ಲಕ್ಕ. ನೀನೊಂದ್ಸಲ ನೋಡು. ಸರಿಯಾಗಿ ನೋಡು.”

ಅಂಗಡಿ ಮಾಲೀಕ ಬಾಗಿಲಲ್ಲಿ ಇಣುಕಿದ. “ಯಾರೂ ತೆರೆದಿಲ್ಲ ತಾನೆ? ಹಾಗಂತ ಬರೆದ್ಬಿಡಿ ಲೆನ್ಸಕ್ಕ, ನಿಮ್ಮ ಮನೇದೇ ಅಲ್ವಾ!”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಅವಳು ಬೆಚ್ಚಿಬಿದ್ದಳು. ತನ್ನ ಗಾಬರಿಯಲ್ಲಿ ತಮ್ಮನ ಮುಖವನ್ನು ನೋಡಲೇ ಇಲ್ಲ.

ಮಾಲೀಕ ಹೋದ ಮೇಲೆ ಕೆಲಸಕ್ಕೆ ಕೈಹಾಕಿದಳು. ಪಾರದರ್ಶಕ ಹಾಳೆಯಾಚೆ ಬಣ್ಣ ಮಾಸಿರಲಿಲ್ಲ, ಆಂಟೆನಾ ನೆಟ್ಟಗಿತ್ತು, ಪಾದದ ಮೇಲಿನ ಕಂಪನಿಯ ಮುದ್ರೆ ಅಸಲಿಯೇ. ಎಡಗೈ ಕೂಡ ಜಾಗದಲ್ಲೇ ಇತ್ತು. ಇಷ್ಟು ಮನೆ ಬದಲಾದರೂ ಇದು ಕಳಚಿ ಬೀಳಲಿಲ್ಲವಲ್ಲ ಎಂದುಕೊಂಡಳು. ‘ತೆರೆದಿಲ್ಲ’ ಎಂದು ಬರೆದರೆ ಕೇಳುವವರಿಲ್ಲ. ಪೆನ್ನು ಎತ್ತಿದಳು, ಇಟ್ಟಳು, ಕುರ್ಚಿ ಸರಿಸಿದಳು, ಮತ್ತೆ ಎತ್ತಿದಳು. ಕೈ ಓಡಲಿಲ್ಲ. ನಿಜ ಹೇಳಿದರೆ ಅಪ್ಪನ ಕೊನೆಯ ಉಡುಗೊರೆಯನ್ನು ಹಾಳು ಮಾಡಿದವಳನ್ನು ತಮ್ಮ ಇನ್ನು ಅಕ್ಕ ಎಂದು ಕರೆಯುತ್ತಾನೋ ಇಲ್ಲವೋ ಎಂಬ ಭಯ.

“ಇದನ್ನ ತೆರೆದಿದ್ದಾರೆ,” ಅಂದಳು. “ನಾನೇ ಕಣೋ. ಅಪ್ಪ ಇದ್ದಾಗಲೇ. ಎಡಗೈ ಮುರಿದಿದ್ದೂ ನಾನೇ.”

ಅವಳು ಪೆಟ್ಟಿಗೆ ಮಗುಚಿ, ತಳಕ್ಕೆ ಪರೀಕ್ಷೆಯ ನೀಲಿ ದೀಪ ಹಿಡಿದಳು. ಕಾರ್ಖಾನೆಯ ಅಂಟು ಆ ಬೆಳಕಿನಲ್ಲಿ ಹೊಳೆಯುವುದಿಲ್ಲ, ಮನೆಯಲ್ಲಿ ಹಚ್ಚಿದ್ದು ಹೊಳೆಯುತ್ತದೆ. “ನೋಡು, ಈ ಹಳದಿ ಗೆರೆ ನನ್ನ ಗೋಂದು.”

ಹಳದಿಯ ಮೇಲೆ ಇನ್ನೊಂದು ಗೆರೆಯಿತ್ತು. ಅಚ್ಚ ಬಿಳಿ.

“ಅದು ನಂದು,” ಅಂದ ತಮ್ಮ. “ಅಪ್ಪ ಹೋದ ಮಾರನೇ ವಾರ ತೆಗ್ದೆ. ಮುಟ್ಟಿದ್ದಷ್ಟೇ, ಕೈ ಕಿತ್ತು ಬಂತು. ಅಂಟಿಸಿ ಇಟ್ಟೆ. ಅಪ್ಪ ಬೇಡ ಅಂದಿದ್ದನ್ನ ಮಾಡಿ, ಅಪ್ಪ ತಂದಿದ್ದನ್ನೇ ಮುರಿದೆ ಅಂತ... ಹೇಳೋಕೆ ಬಾಯಿ ಬರ್ಲಿಲ್ಲ. ನಿನ್ನ ಕಣ್ಣಿಗೆ ಸಿಕ್ಕಿಬೀಳ್ಲಿ ಅಂತಾನೇ ಇದನ್ನ ತಂದಿದ್ದು.”

ಎಂಟು ವರ್ಷದ ಮಗು ಅಕ್ಕನ ತಪ್ಪನ್ನು ಹೊತ್ತುಕೊಂಡು ದೊಡ್ಡದಾಗಿತ್ತು.

“ಹಾಗಾದ್ರೆ ನಾನು ಮುರಿದಿದ್ದಲ್ವಾ, ಅಕ್ಕ?”

“ಅಲ್ಲ ಕಣೋ.”

“ಇನ್ನೊಂದ್ಸಲ ಹೇಳು.”

ಅವಳು ಇನ್ನೊಂದು ಸಲ ಹೇಳಿದಳು. ನಲವತ್ತಮೂರರ ಗಂಡಸು ಸಮವಸ್ತ್ರದ ಟೋಪಿಯನ್ನು ಮುಖಕ್ಕೆ ಒತ್ತಿಕೊಂಡು ಅತ್ತ. ಲೆನ್ಸಕ್ಕ ಬರೆಯದ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿ, ಚಾಕು ತಂದು ಪೆಟ್ಟಿಗೆಯ ಪಕ್ಕದಲ್ಲಿಟ್ಟಳು. “ಬಾರೋ, ಇಬ್ರೂ ಸೇರಿ ತೆಗೆಯೋಣ,” ಅಂದಳು.