ಚಿಲಕವಿರುವ ಕೋಣೆ

ಸೊಸೆಗೆ ಇಲ್ಲದಿದ್ದದ್ದು ಚಿಲಕವಿರುವ ಬಾಗಿಲು. ಸಾಫ್ಟ್‌ವೇರ್ ಕೆಲಸ ಬಿಟ್ಟು ಹನ್ನೊಂದು ವರ್ಷವಾಗಿತ್ತು. ಮರೆತದ್ದನ್ನೆಲ್ಲ ಊಟದ ಮೇಜಿನ ಮುಂದೆ ಕೂತು ಮತ್ತೆ ಕಲಿತಳು. ಆದರೆ ಕೆಲಸಕ್ಕೆ ಕರೆದ ಕಂಪನಿಯ ಆನ್‌ಲೈನ್ ಪರೀಕ್ಷೆಯಲ್ಲಿ ಕ್ಯಾಮೆರಾ ಕಣ್ಣು ಬಿಟ್ಟುಕೊಂಡು ಕಾಯುತ್ತಿರುತ್ತದೆ. ಎರಡನೇ ಮುಖ ಕಂಡರೂ ರದ್ದು, ತುಟಿ ಅಲ್ಲಾಡಿದರೂ ರದ್ದು. ಮೊದಲ ಸಲ ಅತ್ತೆ, "ಕುಕ್ಕರ್ ಮುಚ್ಚಳ ಎಲ್ಲಿಟ್ಟೆ?" ಎಂದು ಇಣುಕಿದ್ದೇ ತಡ, ಪರೀಕ್ಷೆ ಮಣ್ಣುಪಾಲಾಯಿತು.

"ನನ್ನ ಮುಖಕ್ಕೆ ಏನಾಗಿದೆಯಂತೆ?" ಎಂದು ಅತ್ತೆ ವಾರವಿಡೀ ಅದೇ ಮುಖ ಊದಿಸಿಕೊಂಡು ಓಡಾಡಿದರು.

ಕಂಪನಿ ಇನ್ನೊಂದೇ ಅವಕಾಶ ಕೊಟ್ಟಿತು. ಬೇರೆಲ್ಲೂ ಅವಳನ್ನು ಕರೆದಿರಲಿಲ್ಲ. ಇದೂ ಹೋದರೆ ಮುಗಿಯಿತು. ಮನೆಯಲ್ಲಿ ಗಟ್ಟಿ ಚಿಲಕ ಇದ್ದದ್ದು ಬಚ್ಚಲಿಗೆ ಮಾತ್ರ. ಇದ್ದ ಒಂದೇ ಕಮೋಡೂ ಅಲ್ಲೇ.

"ಹೋಗೋರು ಈಗಲೇ ಹೋಗಿಬನ್ನಿ. ಆಮೇಲೆ ಬಾಗಿಲು ತೆಗೆಯಲ್ಲ," ಎಂದು ಸೊಸೆ ಪರೀಕ್ಷೆಗೆ ಮುಂಚೆ ಸಾರಿದಳು.

"ನನಗೇನೂ ಇಲ್ಲಮ್ಮ, ನೀನು ಆರಾಮಾಗಿ ಬರಿ," ಎಂದರು ಮಾವ, ದೊಡ್ಡ ಮನಸ್ಸಿನಿಂದ.

ಸೊಸೆ ಕಮೋಡಿನ ಮುಚ್ಚಳದ ಮೇಲೆ ಕೂತು, ಬೋರಲು ಹಾಕಿದ ಬಕೆಟ್ ಮೇಲೆ ಲ್ಯಾಪ್‌ಟಾಪ್ ಇಟ್ಟಳು. ಬೆನ್ನ ಹಿಂದೆ ಬಿಳಿ ದುಪ್ಪಟಿ ಕಟ್ಟಿದ್ದರಿಂದ ಕ್ಯಾಮೆರಾದ ಪಾಲಿಗೆ ಅದು ಆಫೀಸೇ. ಮೂರರಲ್ಲಿ ಎರಡು ಪ್ರಶ್ನೆ ಮುಗಿದವು. ಹಳೆಯ ಕೈ ಮರಳಿ ಬಂದಿತ್ತು. ಮೂರನೆಯದು ಅರ್ಧಕ್ಕೆ ಬರುವಾಗ ಮಾವ ಬಾಗಿಲು ದಡದಡ ಬಡಿದರು.

"ಅಮ್ಮಾ, ಮುಗೀತಾ?"

ತುಟಿ ಅಲ್ಲಾಡಿಸುವಂತಿಲ್ಲ; ಅವಳು ಟೈಪ್ ಮಾಡುತ್ತಲೇ ಹೋದಳು.

"ಜೀವಂತ ಇದ್ದೀಯೇನಮ್ಮ?"

"ತಡ್ಕೊಳ್ರೀ!" ಇದು ಅತ್ತೆ. "ಈ ಸಲ ಕೆಟ್ರೆ ನಿಮ್ಮ ಹೆಸರೇ ಬರೋದು. ನಾನು ಮುಖ ತೋರಿಸಿಲ್ಲ, ನೋಡಿ!"

"ಅವಳಿಗೆ ಇನ್ನೊಂದು ಪರೀಕ್ಷೆ ಸಿಗಬಹುದು ಕಣೇ, ನನಗೆ ಸಿಗಲ್ಲ!"

ಸೊಸೆಗೆ ನಗು ಉಕ್ಕಿತು. ತುಟಿ ಕಚ್ಚಿದಳು. ಎರಡು ಸಾಲು ಬರೆದಳು, ಅಳಿಸಿದಳು. ಹೊರಗಿನ ನರಳಾಟ ಕೇಳಲಾಗಲಿಲ್ಲ. ಅರ್ಧ ಉತ್ತರವನ್ನೇ ಕಳಿಸಿ, ಲ್ಯಾಪ್‌ಟಾಪ್ ಮುಚ್ಚಿ ಎದೆಗವಚಿಕೊಂಡು ಚಿಲಕ ತೆಗೆದಳು. ಮಾವ ಬಿರುಗಾಳಿಯಂತೆ ನುಗ್ಗಿದರು. ಕಾಲಿಗೆ ಸಿಕ್ಕ ಬಕೆಟ್ ಗೋಡೆಗೆ ಬಡಿದು ಸೀಳಿತು. ಆದರೂ ತಡವಾಗಿತ್ತು.

ಸಂಜೆ ಕಂಪನಿಯಿಂದ ಉತ್ತರ ಬಂತು. ಸ್ನಾನ ಮಾಡಿ, ಬೇರೆ ಬಟ್ಟೆ ತೊಟ್ಟು ಕೂತಿದ್ದ ಮಾವ ತಲೆ ಎತ್ತದೆ ಕೇಳಿದರು:

"ಪಾಸಾ?"

"ಪಾಸು, ಮಾವ. ಸೋಮವಾರದಿಂದ ಕೆಲಸ."

"ಹೋಗ್ಲಿ ಬಿಡು. ಮನೇಲಿ ಒಬ್ಬರಾದ್ರೂ ಪಾಸಾದ್ರಲ್ಲ."

ಹೋದದ್ದು ಅರ್ಧ ಪ್ರಶ್ನೆ, ಒಂದು ಬಕೆಟ್, ಒಂದು ಪೈಜಾಮ.