ಇಪ್ಪತ್ತೈದರ ಫಲಕದ ಕೆಳಗೆ

ಮೂವತ್ತೈದು ವರ್ಷ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಕೂತು ರೋಗಿಗಳ ಅಂಗಿ, ದಿಂಬಿನ ಗವಸು ಹೊಲಿದವರನ್ನು ಬೀದಿಯವರೆಲ್ಲ ಹೊಲಿಗೆ ಅತ್ತೆ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವರು ಅತ್ತೆಯಾಗಿದ್ದುದು ಒಬ್ಬಳಿಗೆ ಮಾತ್ರ. ಆ ಸೊಸೆ ಅದೇ ಆಸ್ಪತ್ರೆಯಲ್ಲಿ ಮುರಿದ ಕೈಕಾಲುಗಳಿಗೆ ಪ್ಲಾಸ್ಟರ್ ಕಟ್ಟುತ್ತಿದ್ದಳು.

ನಿವೃತ್ತಿಯಾದ ಮೇಲೆ ಮಂಡಿ ಕೈಕೊಟ್ಟಿತು. ಬಸ್ಸಿನ ಮೆಟ್ಟಿಲು ಹತ್ತಲಾರದೆ ಅತ್ತೆ ಒಂದು ಎಲೆಕ್ಟ್ರಿಕ್ ಸ್ಕೂಟರ್ ಕೊಂಡರು. ಮೊದಲ ವಾರ ಹೆದರಿ ಹೆದರಿ ಓಡಿಸಿದರು. ಎರಡನೆಯ ವಾರ, ಹಿಡಿಕೆಯ ಪಕ್ಕದ ಗುಂಡಿ ಒತ್ತಿದರೆ ಗಾಡಿ ಭೂತ ಹೊಕ್ಕಂತೆ ಓಡುತ್ತದೆಂದು ಕಂಡುಕೊಂಡರು. ಅಲ್ಲಿಂದಾಚೆ ಅವರನ್ನು ಹಿಡಿಯುವವರಿರಲಿಲ್ಲ. ಸದ್ದಿಲ್ಲ, ಹೊಗೆಯಿಲ್ಲ, ಮುಖಕ್ಕೆ ತಣ್ಣನೆ ಗಾಳಿ. ಹೆಲ್ಮೆಟ್ಟಿನೊಳಗೆ ಅತ್ತೆ ತಮ್ಮಷ್ಟಕ್ಕೆ ನಗುತ್ತಿದ್ದರು. ಬೇಕರಿಗೆ ಹೋಗುವ ಐದು ನಿಮಿಷದ ದಾರಿಯನ್ನು ಎರಡರಲ್ಲಿ ಮುಗಿಸಿ, ಉಳಿದ ಮೂರು ನಿಮಿಷ ಬೇಕರಿಯವನಿಗೆ ಅದನ್ನೇ ವರ್ಣಿಸುತ್ತ ನಿಲ್ಲುತ್ತಿದ್ದರು.

ಸೊಸೆ ಸುಮ್ಮನಿರಲಿಲ್ಲ. "ಮೂವತ್ತರ ಸ್ಪೀಡಲ್ಲಿ ಬಿದ್ದವರು ನಮ್ಮ ಕೋಣೆಗೆ ನಡ್ಕೊಂಡು ಬರ್ತಾರೆ ಅತ್ತೆ, ಅರವತ್ತರಲ್ಲಿ ಬಿದ್ದವರನ್ನ ಎತ್ಕೊಂಡು ಬರ್ತಾರೆ," ಎಂದಳು. ಮಗ ಮಾತ್ರ ತಾಯಿಯ ಪಕ್ಷ. ಅವನದೂ ಅಂಥದೇ ಗಾಡಿ. ವೇಗದ ಮಿತಿ ಇರುವುದೇ ಓಡಿಸಲು ಬಾರದವರಿಗಾಗಿ ಎಂಬುದು ಅವನ ವಾದ. ಅತ್ತೆ ಸೊಸೆಯ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು.

ಒಂದು ಬೆಳಿಗ್ಗೆ ಗ್ರಂಥಾಲಯದ ಬೀದಿಯಲ್ಲಿ, ಇಪ್ಪತ್ತೈದು ಎಂದು ಬರೆದ ಫಲಕದ ಕೆಳಗೇ, ಅತ್ತೆ ಐವತ್ತೆರಡರಲ್ಲಿ ಬಂದರು. ಮೊಟ್ಟೆಯ ತಟ್ಟೆಗಳನ್ನು ಗಲ್ಲದ ತನಕ ಪೇರಿಸಿ ಹಿಡಿದ ಹೆಂಗಸೊಬ್ಬಳು, ಯಾವ ಸದ್ದೂ ಕೇಳಿಸದ್ದರಿಂದ, ನೆಮ್ಮದಿಯಾಗಿ ರಸ್ತೆಗಿಳಿದಳು. ಅತ್ತೆ ಎರಡೂ ಬ್ರೇಕ್ ಅದುಮಿದರು. ಚಕ್ರ ಜಾರಿತು, ಗಾಡಿ ಅಡ್ಡ ತಿರುಗಿತು, ಆಕೆಯಿಂದ ಗೇಣು ದೂರದಲ್ಲಿ ನಿಂತಿತು. ಒಂದು ಮೊಟ್ಟೆಯೂ ಒಡೆಯಲಿಲ್ಲ. ಅತ್ತೆ ಗಾಡಿಯಿಂದಿಳಿದು ಹೆಲ್ಮೆಟ್ ತೆಗೆದರು.

"ನಿಮ್ಮ ಗಾಡಿ ಬಂದದ್ದೇ ಕೇಳಿಸ್ಲಿಲ್ಲ ಕಣಮ್ಮ," ಎಂದ ಆ ಹೆಂಗಸಿನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅತ್ತೆಗೆ ಹೆಚ್ಚು ನಾಟಿತು.

ಮೂಲೆಯಲ್ಲಿದ್ದ ಟ್ರಾಫಿಕ್ ಪೊಲೀಸಮ್ಮ ಎಲ್ಲವನ್ನೂ ನೋಡಿದ್ದಳು. ಆ ಊರಿನಲ್ಲಿ ಮೊದಲ ಸಲ ಸಿಕ್ಕಿಬಿದ್ದವರು ದಂಡದ ಬದಲು ಎರಡು ಗಂಟೆ ನಿಂತು, ರಸ್ತೆ ದಾಟುವವರಿಗೆ ನೆರವಾಗಬಹುದಿತ್ತು. ಅತ್ತೆ ತಲೆ ತಗ್ಗಿಸಿಕೊಂಡೇ ಹಳದಿ ಅಂಗಿ ತೊಟ್ಟು, 'ನಿಲ್ಲಿ' ಎಂದು ಬರೆದ ಹಲಗೆ ಹಿಡಿದರು. ಮಂಡಿಯ ಕಥೆ ಕೇಳಿ ಪೊಲೀಸಮ್ಮ ಒಂದು ಸ್ಟೂಲನ್ನೂ ತರಿಸಿಕೊಟ್ಟಳು.

ಅರ್ಧ ಗಂಟೆಯಲ್ಲಿ ನಾಚಿಕೆ ಮಾಯ. ಹಲಗೆ ಎತ್ತಿದರೆ ಲಾರಿ ಕೂಡ ತೆಪ್ಪಗೆ ನಿಲ್ಲುತ್ತಿತ್ತು. ಗೋಡೆಗೆ ಮುಖ ಮಾಡಿ ಅಷ್ಟು ವರ್ಷ ಹೊಲಿದವರ ಎದುರಿಗೆ ಈಗ ಇಡೀ ಬೀದಿ ಬಂದು ನಿಂತಿತ್ತು. ಕೋಲೂರಿದ ಮುದುಕರು ಕೈಯೆತ್ತಿ ಥ್ಯಾಂಕ್ಸ್ ಹೇಳಿದರು. ಪುಸ್ತಕ ಓದುತ್ತಲೇ ದಾಟಿದ ಹುಡುಗಿಯನ್ನು ಅತ್ತೆ ಗದರಿದರು. ಸದ್ದಿಲ್ಲದ ಸ್ಕೂಟರುಗಳನ್ನು ಟೈರಿನ ಸರಸರದಿಂದಲೇ ಗುರುತಿಸಲು ಕಲಿತರು.

ಹನ್ನೊಂದೂವರೆಗೆ ಅಂಥದೊಂದು ಸರಸರ ಜೋರಾಗಿಯೇ ಕೇಳಿಸಿತು. ಅತ್ತೆ ಹಲಗೆ ಎತ್ತಿದರು. ಚೀರಿಕೊಂಡು ನಿಂತ ಗಾಡಿಯ ಮೇಲೆ ಮಗ ಕೂತಿದ್ದ.

"ಅಮ್ಮ, ನಾನು ಕಣಮ್ಮ."

"ಗೊತ್ತು. ಅದಕ್ಕೇ ನಿಲ್ಸಿದ್ದು. ಗಾಡಿ ಪಕ್ಕಕ್ಕೆ ಹಾಕು."

ಪೊಲೀಸಮ್ಮ ಇನ್ನೊಂದು ಹಳದಿ ಅಂಗಿ ತಂದಳು. ಅವನ ಹೊಟ್ಟೆಯ ಮೇಲೆ ಗುಂಡಿ ಕೂರಲಿಲ್ಲ. ಮಗನನ್ನು ಒಂಟಿಯಾಗಿ ಬಿಡಲು ಮನಸ್ಸಾಗದೆ, ಅದಕ್ಕಿಂತ ಹಲಗೆ ಬಿಟ್ಟುಕೊಡಲು ಮನಸ್ಸಾಗದೆ, ಅತ್ತೆ ತಮ್ಮ ಅವಧಿ ಮುಗಿದರೂ ಅಲ್ಲೇ ಉಳಿದರು. ಪಾಳಿ ಮುಗಿಸಿ ಬಂದ ಸೊಸೆ, ಇಬ್ಬರನ್ನೂ ಕಂಡು ನಕ್ಕು ನಕ್ಕು ಸುಸ್ತಾಗಿ ಫಲಕದ ಕಂಬ ಹಿಡಿದುಕೊಂಡಳು. ಗಂಡ ತನ್ನ ಕಷ್ಟ ತೋಡಿಕೊಳ್ಳಲು ಬಾಯಿ ತೆರೆದ. ಅತ್ತೆ ಅವನನ್ನು ತಡೆದರು.

"ನೀನು ಹೇಳಿದ್ದೇ ಸರಿ ಕಣೆ," ಎಂದರು ಸೊಸೆಗೆ.

ಹನ್ನೆರಡು ವರ್ಷದಲ್ಲಿ ಈ ಮಾತು ಕೇಳಿದ್ದು ಇದೇ ಮೊದಲೆಂದಳು ಸೊಸೆ. ಇನ್ನು ಹನ್ನೆರಡು ವರ್ಷ ಕೇಳಬೇಡ ಎಂದರು ಅತ್ತೆ. ಹೊರಡುವ ಮುನ್ನ ಪೊಲೀಸಮ್ಮನನ್ನು ಕಾಡಿ ಬೇಡಿ, ವಾರಕ್ಕೊಂದು ಬೆಳಿಗ್ಗೆ ಅದೇ ಮೂಲೆಯಲ್ಲಿ ನಿಲ್ಲುವ ಕೆಲಸ ಗಿಟ್ಟಿಸಿಕೊಂಡರು.

ಮನೆಗೆ ಹೋಗುವಾಗ ಸೊಸೆ ಗಂಡನ ಗಾಡಿ ಬಿಟ್ಟು ಅತ್ತೆಯ ಹಿಂದೆ ಹತ್ತಿದಳು. ಮಗ ಬಾಲದಂತೆ ಹಿಂಬಾಲಿಸಿದ. ಸೈಕಲ್ಲಿನಲ್ಲಿ ಬೆವರುತ್ತ ಬಂದ ಅಂಚೆಯವನು ಮೂವರನ್ನೂ ಹಿಂದೆ ಹಾಕಿ, ಹೆಮ್ಮೆಯಿಂದ ತಿರುಗಿ ಕೈಬೀಸಿದ. ಅತ್ತೆಯೂ ತಲೆಯಾಡಿಸಿ, ಹೋಗಪ್ಪ ಎಂದು ನಕ್ಕು ದಾರಿ ಬಿಟ್ಟರು.