ನೆತ್ತಿಯಲ್ಲ, ಬೆನ್ನು

ಕೈಗೆ ಸಿಕ್ಕಿದ್ದೆಲ್ಲ ನೇರ ಬಾಯಿಗೇ ಹೋಗುತ್ತಿದ್ದುದರಿಂದ ಹತ್ತು ತಿಂಗಳ ಕೂಸಿಗೆ ಮನೆಯಲ್ಲಿ ಗುಳುಂ ಎಂಬ ಹೆಸರು ಬಿದ್ದಿತ್ತು. ಅದರ ತಾಯಿ ಗಡಿಯಾರ ರಿಪೇರಿ ಮಾಡುವವಳು. ರಜೆ ಮುಗಿದಿತ್ತು. ಸೋಮವಾರದಿಂದ ಕೂಸನ್ನು ಅತ್ತೆಯ ಕೈಗೆ ಬಿಟ್ಟು ಅಂಗಡಿಗೆ ಹೋಗಬೇಕು. ಅದಕ್ಕೇ ಅವಳಿಗೆ ಧೈರ್ಯ ಸಾಲದು.

ಶನಿವಾರ ಬೆಳಿಗ್ಗೆ ಕಣ್ಣಿಗೆ ರಿಪೇರಿಯ ಭೂತಗನ್ನಡಿ ಸಿಕ್ಕಿಸಿಕೊಂಡು, ಅಂಬೆಗಾಲಿಕ್ಕಿ ಇಡೀ ಮನೆ ಜಾಲಾಡಿದಳು. ಮಂಚದಡಿ ಒಂದು ಗುಂಡಿ, ಸೋಫಾದ ಸಂದಿಯಲ್ಲಿ ಪೆನ್ನಿನ ಮುಚ್ಚಳ, ಕಪಾಟಿನ ಹಿಂದೆ ಒಂದು ಗೋಲಿ ಸಿಕ್ಕವು.

"ನಿನ್ನ ನೋಡಿ ನಾಚಿಕೆಯಾಗಿ ಕೂಸೇ ಎದ್ದು ನಡೆದೀತು," ಎಂದರು ಅತ್ತೆ.

ಆಮೇಲೆ ಅತ್ತೆಗೆ ಪರೀಕ್ಷೆ. ಆಸ್ಪತ್ರೆಯ ಪ್ರಥಮ ಚಿಕಿತ್ಸೆ ತರಬೇತಿಯಲ್ಲಿ ನರ್ಸ್ ಹೇಳಿಕೊಟ್ಟದ್ದನ್ನೆಲ್ಲ ಸೊಸೆ ಬರೆದುಕೊಂಡು ಬಂದಿದ್ದಳು. ಚಾಪೆಯ ಮೇಲೆ ಒಂದು ಬಟ್ಟೆಯ ಗೊಂಬೆ ಇಟ್ಟಳು. ಪಕ್ಕದಲ್ಲಿ, ಅಪಾಯದ ಅಳತೆ ತೋರಿಸಲಿಕ್ಕೆಂದು, ಒಂದು ಇಡೀ ದ್ರಾಕ್ಷಿ. ಗುಳುಂ ಕೋಣೆಯ ಮೂಲೆಯಲ್ಲಿ ತನ್ನ ಪಾಡಿಗೆ ಆಡುತ್ತಿತ್ತು.

"ಗಂಟಲಲ್ಲಿ ಸಿಕ್ಕಾಕೊಂಡ್ರೆ ಏನ್ ಮಾಡ್ತೀರಾ, ಅತ್ತೆ?"

"ನೆತ್ತಿಗೆ ಹತ್ತಿದ್ರೆ ನೆತ್ತಿ ತಟ್ಟೋದು. ಇನ್ನೇನು?"

"ನೆತ್ತಿಯಲ್ಲ, ಬೆನ್ನು! ಕೆಮ್ತಾ ಇದ್ರೆ ಕೆಮ್ಮೋಕೆ ಬಿಡ್ಬೇಕು. ಸದ್ದೇ ನಿಂತ್ಹೋದ್ರೆ ಮುಂಗೈ ಮೇಲೆ ಬೋರಲು ಹಾಕಿ, ತಲೆ ತಗ್ಗಿಗೆ, ಎರಡು ಭುಜದ ನಡುವೆ ಐದು ಏಟು."

"ಹೊಡಿಯೋದಾ? ಅಯ್ಯೋ ತಾಯಿ, ಮೂವತ್ತು ವರ್ಷ ಹಾಸಿಗೆ ಅಂಗಡೀಲಿ ಹತ್ತಿ ಬಡಿದ ಕೈ ಇದು. ಕೂಸು ದಿಂಬಾಗಿಬಿಡ್ತದೆ!"

ಸೊಸೆ ಹನ್ನೊಂದು ಸಲ ಮಾಡಿ ತೋರಿಸಿದಳು. ಹನ್ನೊಂದು ಸಲವೂ ಅತ್ತೆಯ ಕೈ ಗೊಂಬೆಯ ನೆತ್ತಿಗೇ ಹೋಯಿತು.

"ನಪಾಸು," ಎಂದು ಸೊಸೆ ಹಣೆ ಚಚ್ಚಿಕೊಂಡು, ಬರೆದ ಹಾಳೆ ತರಲು ಎದ್ದಳು. ತಿರುಗಿ ನೋಡಿದರೆ ಚಾಪೆಯ ಮೇಲೆ ದ್ರಾಕ್ಷಿ ಇಲ್ಲ.

ಗುಳುಂನ ಬಾಯಿ ತೆರೆದಿತ್ತು. ಕೆಮ್ಮಿಲ್ಲ, ಅಳುವಿಲ್ಲ. ತುಟಿ ನೀಲಿಗೆ ತಿರುಗುತ್ತಿತ್ತು.

ತಾಯಿ ಕೂಸನ್ನು ಬಾಚಿ ಎತ್ತಿಕೊಂಡು ತಟ್ಟತೊಡಗಿದಳು. ನೆತ್ತಿಯನ್ನು.

"ನೆತ್ತಿಯಲ್ಲ ಕಣೇ, ಬೆನ್ನು!"

ಅತ್ತೆ ಕೂಸನ್ನು ಕಸಿದುಕೊಂಡು ಮುಂಗೈ ಮೇಲೆ ಬೋರಲು ಹಾಕಿದರು. ದವಡೆಗೆ ಆಸರೆ ಕೊಟ್ಟು, ತಲೆ ತಗ್ಗಿಸಿ, ಅಂಗೈಯ ಬುಡದಿಂದ ಬಡಿದರು. ಒಂದು. ಎರಡು. ಮೂರು. ನಾಲ್ಕನೆಯದಕ್ಕೆ ದ್ರಾಕ್ಷಿ ಚಂಗನೆ ಹಾರಿ ಗೊಂಬೆಯ ಮಡಿಲಿಗೆ ಬಿತ್ತು. ಗುಳುಂ ಸೂರು ಹಾರಿಹೋಗುವಂತೆ ಅತ್ತಿತು. ಅಷ್ಟು ಇಂಪಾದ ಅಳುವನ್ನು ಅವರಿಬ್ಬರೂ ಕೇಳಿರಲಿಲ್ಲ.

ಸೊಸೆ ಗೋಡೆಗೊರಗಿ ಕುಸಿದಳು. ಬಿಕ್ಕಿ ಬಿಕ್ಕಿ ಅವಳಿಗೇ ಕೆಮ್ಮು ಹತ್ತಿತು.

"ಮತ್ತೆ ಗೊಂಬೆಗೆ ಯಾಕೆ ನೆತ್ತಿ ತಟ್ತಿದ್ರಿ?"

"ಗೊಂಬೆಗೆ ಏನೂ ಸಿಕ್ಕಾಕೊಂಡಿರ್ಲಿಲ್ಲವಲ್ಲ." ಅತ್ತೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಇನ್ನೊಂದು ಕೈಯಿಂದ ಸೊಸೆಯ ನೆತ್ತಿ ತಟ್ಟಿದರು. "ಏಳು, ಡಾಕ್ಟರಿಗೆ ಒಂದ್ಸಲ ತೋರಿಸ್ಕೊಂಡು ಬರೋಣ. ಸೋಮವಾರ ನಿಶ್ಚಿಂತೆಯಿಂದ ಅಂಗಡಿಗೆ ಹೋಗು. ಸಂಜೆ ಬಂದು ಪಾಠ ಒಪ್ಪಿಸು. ನಪಾಸಾದವಳು ನೀನು."